ಶುಕ್ರವಾರದ ಕೆಂಡ

ಎದುರುಮನೆಯ ಸೂರಿನಿಂದ ಇವತ್ತು ಹೊಗೆ ಏಳುತ್ತಿಲ್ಲ, ಬಿಸಿಲು ಬರಿದೇ ಹೆಂಚಿನ ಮೇಲೆ ಕೂತಿದೆ, ಅಶ್ವತ್ಥಮ್ಮನ ಒಲೆ ಆರಿಹೋಗಿರಬೇಕು, ಯುದ್ಧ ಬಂದ ಮೇಲೆ ದೊಡ್ಡಬಳ್ಳಾಪುರದಲ್ಲಿ ಬೆಂಕಿಪೊಟ್ಟಣ ಸಿಗುವುದೇ ಇಲ್ಲ, ಒಲೆ ಆರಿದರೆ ಪಕ್ಕದ ಮನೆಯ ಕೆಂಡವೇ ಗತಿ — ಕಿಟಕಿಯಲ್ಲಿ ನಿಂತು ನೋಡುವವಳು ಅನ್ನಿಸಿಕೊಳ್ಳಬಾರದು, ಆದರೂ ನೋಡುತ್ತಿದ್ದೇನೆ, ಅವಳು ಹೆಂಚಿನ ಚೂರು ಹಿಡಿದು ಹೊರಗೆ ಬಂದಳು, ಎಡಕ್ಕೆ ತಿರುಗುತ್ತಾಳೆ, ಯಾವಾಗಲೂ ಎಡಕ್ಕೇ, ಆಚೆ ಸೀಮೆಯ ಹೆಂಗಸರ ಮನೆಗೆ ಯಾರು ಬರುತ್ತಾರೆ, ಹಿಂದೂಪುರದಿಂದ ರೈಲು ಹತ್ತಿ ಬಂದು ವರ್ಷವಾಗುತ್ತ ಬಂತು, ನಾನು ಹೆಣ್ಣುಮಕ್ಕಳಿಗೆ ಪಾಠ ಹೇಳಲು, ಕದಿರಮ್ಮ ಮಗ್ಗದ ಮನೆಯಲ್ಲಿ ರೇಷ್ಮೆ ಸುತ್ತಲು, ಇಬ್ಬರಿಗೂ ಒಂದೇ ಒಲೆ, ಬೀದಿಯವರಿಗೆ ಒಗ್ಗಿದರೆ ಇರಿ, ಇಲ್ಲದಿದ್ದರೆ ಯುಗಾದಿಗೆ ಖಾಲಿ ಮಾಡಿ, ಅಂದಿದ್ದರು ಮನೆ ಕೊಟ್ಟ ಆದಿನಾರಾಯಣಪ್ಪ, ಯುಗಾದಿ ಹತ್ತಿರ ಬಂದೇಬಿಟ್ಟಿತು, ಒಗ್ಗಿದ್ದೇವೋ ಇಲ್ಲವೋ ಯಾರನ್ನು ಕೇಳಲಿ — ಎಡಗಡೆ ಮನೆಗೆ ಬೀಗ, ಅವಳು ಇತ್ತ ತಿರುಗಿದಳು, ನಮ್ಮ ಬಾಗಿಲು, ನಮ್ಮದೇ, ಚೂರು ಕೆಂಡ ಇದ್ರೆ ಕೊಡ್ರಮ್ಮ, ಹೆಂಚಿನ ಚೂರು ಚಾಚಿ ನಿಂತಿದ್ದಾಳೆ, ಒಲೆಯನ್ನೇ ಕಿತ್ತು ಕೊಟ್ಟೇನು, ಇಕ್ಕಳ ಎಲ್ಲಿ, ಅಷ್ಟರಲ್ಲಿ ಒಳಗಿನಿಂದ ಕದಿರಮ್ಮ, ಶುಕ್ರವಾರ ಕಣಮ್ಮ ಇವತ್ತು, ಮನೆ ನಿಪ್ಪು, ಅದೇ ಬೆಂಕಿ, ಹೊಸ್ತಿಲು ದಾಟಬಾರ್ದು, ನಮ್ಮಮ್ಮ ತಲೆ ಮೇಲೆ ಹೊಡೆದು ಕಲಿಸವಳೆ — ಮುಗಿಯಿತು, ಗಂಟುಮೂಟೆ ಕಟ್ಟುವುದೊಂದೇ ಬಾಕಿ, ಕದಿರಮ್ಮನೇ ಮತ್ತೆ, ಕೆಂಡ ಬರಲ್ಲ, ನೀನೇ ಬಾ, ಮಡಕೆ ತಂದು ಇಲ್ಲೇ ಇಕ್ಕೋ. ಅಶ್ವತ್ಥಮ್ಮ ಹೆಂಚಿನ ಚೂರನ್ನು ಹೊಸ್ತಿಲ ಬಳಿ ಇಟ್ಟು ಹೊರಟಳು, ಅವಳ ಬೆನ್ನು, ಅವಳ ಬಾಗಿಲು, ಮುಚ್ಚಿತು — ಇಲ್ಲ, ತೆರೆಯಿತು, ಸೊಂಟದಲ್ಲಿ ಮಡಕೆ, ಕೈಯಲ್ಲಿ ಹಿಟ್ಟಿನ ಮೊರ, ದೇವರೇ, ಈಗ ನಮ್ಮ ಅಡುಗೆಮನೆ ತುಂಬ ಅವಳೇ, ಹಿಟ್ಟು ತಿರುವುತ್ತಾಳೆ, ಬಳೆ ಕುಣಿಯುತ್ತದೆ, ಗಂಟು ಕಟ್ತೈತೆ ಕಣೆ, ಸಂಗಟಿ, ನೀವನ್ನೋ ಮುದ್ದೆ, ಮಾಡೋ ಕೈ ಇದಲ್ಲ, ಸರಿ ಅತ್ಲಾಗೆ, ಅನ್ನುತ್ತಾಳೆ ಕದಿರಮ್ಮ, ಒಂದ್ ಕೆಂಡ ಕೊಡದ ಜಿಪುಣಿ ನಂಗೆ ಹಿಟ್ಟು ತಿರುವೋದು ಕಲಿಸ್ತಾಳೆ, ಅನ್ನುತ್ತಾಳೆ ಅಶ್ವತ್ಥಮ್ಮ, ಇಬ್ಬರ ಕಣ್ಣಲ್ಲೂ ಹೊಗೆ, ನಗು, ನೀರು, ನಾನು ಮೂಲೆಯಲ್ಲಿ ಊದುಗೊಳವೆ ಹಿಡಿದು ಊದಬೇಕಾದ್ದನ್ನೇ ಮರೆತಿದ್ದೇನೆ, ನಿಮ್ಮೊಲೆ ಉರಿ ಚೆನ್ನಾಗೈತೆ ಮೇಡಮ್ಮ, ಯುಗಾದಿ ಒಬ್ಬಟ್ಟೂ ಇಲ್ಲೇ ಸುಡಾನ, ಇರ್ತೀರಲ್ಲ, ಅಂದಳು ಅವಳು ತಲೆಯೆತ್ತದೆ, ಇರ್ತೀವಿ, ಅಂದೆ, ನನ್ನ ದನಿಯೇ, ಇರ್ತೀವಿ — ಅವಳು ಬಿಸಿ ಮಡಕೆಯನ್ನು ಸೆರಗಿನಲ್ಲಿ ಹಿಡಿದು ಹೋದಳು, ಹೊಗೆ ಇನ್ನೂ ಇಲ್ಲೇ ಇದೆ, ಹೊಸ್ತಿಲ ಬಳಿ ಅವಳು ಮರೆತ ಹೆಂಚಿನ ಚೂರು, ಕೊಟ್ಟು ಬರಲೇ, ಬೇಡ, ಇರಲಿ, ಬಿಸಿಲಿನಲ್ಲಿ ಕೆಂಪಗೆ, ಹೆಂಚಿನ ಚೂರು.