ಆರನೇ ಮೇಜಿನ ಹುಳ

ಪರೀಕ್ಷೆ ಮುಗಿದ ಮೇಲೆ ಉತ್ತರ ಹೋಲಿಸಿ ನೋಡುವುದು ಕೆಟ್ಟ ಚಟ. ಬರೆದಾಗಿದೆ, ಕಾಗದ ಮೇಡಂ ಕೈಸೇರಿದೆ, ಇನ್ನು ತಲೆಕೆಳಗಾಗಿ ನಿಂತರೂ ಒಂದಕ್ಷರ ಬದಲಾಗುವುದಿಲ್ಲ. ಆದರೂ ನಮ್ಮ ತರಗತಿಯವರು ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದವರೇ ಮೆಟ್ಟಿಲ ಕೆಳಗಿನ ನಲ್ಲಿಯ ಹತ್ತಿರ ಗುಂಪುಕಟ್ಟಿದರು. ನಾನೂ ಹೋದೆ. ಹೋಗಬಾರದಿತ್ತು. ಅವತ್ತು ಬಾಯಿಮುಚ್ಚಿಕೊಂಡು ನೆಟ್ಟಗೆ ಮನೆಗೆ ಹೋಗಿದ್ದರೆ ನಮ್ಮಪ್ಪನಿಗೆ ಆ ಗತಿ ಬರುತ್ತಿರಲಿಲ್ಲ.

ಗುಂಪಿನ ನಡುವೆ ಯಾವಾಗಲೂ ಡಾಕ್ಟರ ಮಗಳು. ಅವಳು ಬರೆದದ್ದೇ ಸರಿ ಉತ್ತರ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು, ಅದಕ್ಕೇ ಅವಳ ಹೆಸರು ‘ಕೀ ಆನ್ಸರ್’. ಅವಳು ಒಂದೊಂದೇ ಉತ್ತರ ಹೇಳುವುದು, ಮಿಕ್ಕವರು ‘ಅಬ್ಬ’ ಅಥವಾ ‘ಅಯ್ಯೋ’ ಎನ್ನುವುದು, ಇಷ್ಟೇ ಕಾರ್ಯಕ್ರಮ. ಅವಳ ಎಡಗಡೆ ಅಂಟಿಕೊಂಡು ನಿಲ್ಲುತ್ತಿದ್ದ ಹುಡುಗನನ್ನು ನಾವು ‘ಹೌದಪ್ಪ’ ಎನ್ನುತ್ತಿದ್ದೆವು. ಕೋಣ ಈದಿದೆ ಎಂದು ಅವಳು ಹೇಳಿದರೆ ಕರು ಕಟ್ಟಲು ಹಗ್ಗ ಹುಡುಕುವ ಜಾತಿ.

ನನ್ನ ಹೆಸರು ‘ಬಾಟಲಿ’. ಯಾಕೆಂದರೆ ನಮ್ಮಪ್ಪ ಅದೇ ಶಾಲೆಯ ಲ್ಯಾಬಿನಲ್ಲಿ ಅಟೆಂಡರು. ಹಾವು, ಕಪ್ಪೆ, ಹುಳಗಳನ್ನು ಹಾಕಿಟ್ಟ ಗಾಜಿನ ಬಾಟಲಿಗಳನ್ನು ತೊಳೆಯುವುದು, ಅವು ಕೊಳೆಯದಂತೆ ಹಾಕುವ ಫಾರ್ಮಲಿನ್ ಕಡಿಮೆಯಾದರೆ ತುಂಬುವುದು ಅವನ ಕೆಲಸ. ಆ ವಾಸನೆ ನನ್ನ ಚೀಲಕ್ಕೂ ಅಂಟಿದೆ ಎಂದು ಹೌದಪ್ಪ ನಾನು ಬಂದಾಗಲೆಲ್ಲ ಮೂಗು ಹಿಡಿಯುತ್ತಿದ್ದ. ಅಂಟಿರಲಿಲ್ಲ. ನಾನು ಎಷ್ಟೋ ಸಲ ಚೀಲದೊಳಗೆ ಮುಖ ತೂರಿಸಿ ಮೂಸಿ ನೋಡಿದ್ದೆ.

ಪರೀಕ್ಷೆ ಹೀಗಿತ್ತು. ಲ್ಯಾಬಿನಲ್ಲಿ ಹತ್ತು ಮೇಜು, ಪ್ರತಿ ಮೇಜಿನ ಮೇಲೂ ಒಂದು ಬಾಟಲಿ ಅಥವಾ ಒಂದು ಮೂಳೆ. ಎರಡು ನಿಮಿಷಕ್ಕೊಮ್ಮೆ ಗಂಟೆ. ಎದುರಿಗಿರುವುದರ ಹೆಸರು ಬರೆದು, ಅದನ್ನು ಗುರುತಿಸುವ ಒಂದು ಲಕ್ಷಣ ಬರೆದು, ಮುಂದಿನ ಮೇಜಿಗೆ ಸರಿಯಬೇಕು.

“ಐದನೇದು ಕುರಿ ಮೂತ್ರಪಿಂಡ,” ಎಂದಳು ಕೀ ಆನ್ಸರ್. ಅಬ್ಬ, ಅಬ್ಬ, ಅಯ್ಯೋ. “ಆರನೇದು ಜಂತುಹುಳ, ಗಂಡು.”

“ನಾನು ಹೆಣ್ಣು ಅಂತ ಬರ್ದೆ,” ಎಂದೆ.

ಎಲ್ಲರೂ ತಿರುಗಿ ನೋಡಿದರು. ಹೌದಪ್ಪ ಮೂಗಿನಿಂದ ಕೈ ತೆಗೆದ. “ಅವರಪ್ಪ ದಿನಾ ಸ್ನಾನ ಮಾಡಿಸೋ ಹುಳಾನೇ ಇವಳಿಗೆ ಗುರುತು ಸಿಕ್ಕಿಲ್ಲ ನೋಡ್ರೋ.”

ನಲ್ಲಿಯ ಹತ್ತಿರ ಬಿದ್ದ ನಗು ಮೇಲಿನ ಮಹಡಿಗೆ ಕೇಳಿಸಿರಬೇಕು.

“ಕೆಂಪು ಮುಚ್ಚಳ ಇತ್ತಲ್ಲೇ,” ಎಂದಳು ಕೀ ಆನ್ಸರ್, ಚಿಕ್ಕ ಮಗುವಿಗೆ ಹೇಳುವ ದನಿಯಲ್ಲಿ. “ಕೆಂಪು ಮುಚ್ಚಳ ಗಂಡು, ಕಪ್ಪು ಮುಚ್ಚಳ ಹೆಣ್ಣು. ವರ್ಷ ಪೂರ್ತಿ ನೋಡಿಲ್ವಾ?”

ಅದು ನಿಜ. ಬಾಟಲಿಗಳ ಮೇಲಿನ ಚೀಟಿಗಳು ಯಾವ ಕಾಲದಲ್ಲೋ ಕೊಳೆತು ಉದುರಿಹೋಗಿದ್ದವು. ಗಂಡು ಹುಳ, ಹೆಣ್ಣು ಹುಳ ಎರಡೂ ಹೆಚ್ಚುಕಡಿಮೆ ಒಂದೇ ಉದ್ದ, ಎರಡೂ ಬೇಯಿಸಿಟ್ಟ ಶ್ಯಾವಿಗೆಯ ಹಾಗೆ ಬಿಳಿಚಿಕೊಂಡಿದ್ದವು. ಹಾಗಾಗಿ ತರಗತಿಗೆ ತರಗತಿಯೇ ಮುಚ್ಚಳದ ಬಣ್ಣ ಉರುಹೊಡೆದಿತ್ತು. ನಾನು ಮಾತ್ರ ಮುಚ್ಚಳ ನೋಡುವುದನ್ನು ಕಲಿತಿರಲಿಲ್ಲ, ಯಾಕೆಂದರೆ ನನಗೆ ಕಲಿಸಿದ್ದು ಅಪ್ಪ.

ಏಳನೇ ತರಗತಿಗೆ ಶಾಲೆ ಬಿಟ್ಟವನು ಅಪ್ಪ. ಆದರೆ ಹತ್ತೊಂಬತ್ತು ವರ್ಷ ಲ್ಯಾಬಿನ ಹಿಂದಿನ ತೊಟ್ಟಿಯಲ್ಲಿ ಗಾಜು ತೊಳೆಯುತ್ತ, ಬಂದ ಮೇಷ್ಟ್ರು ಹೋದ ಮೇಷ್ಟ್ರು ಎಲ್ಲರ ಪಾಠವನ್ನೂ ಕೇಳಿಸಿಕೊಂಡಿದ್ದ. ರಜೆಯಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದೊಂದೇ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಏನಿದು, ಹೇಗೆ ಗೊತ್ತಾಯಿತು ಎಂದು ಕೇಳುತ್ತಿದ್ದ. ನಾನು ತಪ್ಪಿದರೆ ಬೈಯುತ್ತಿರಲಿಲ್ಲ, ಬಾಟಲಿ ತಿರುಗಿಸಿ ಮತ್ತೆ ತೋರಿಸುತ್ತಿದ್ದ. ಈ ಲ್ಯಾಬಿನಲ್ಲಿ ತನಗೆ ಗುರುತಿಲ್ಲದ ಪ್ರಾಣಿ ಒಂದೂ ಇಲ್ಲ ಎನ್ನುವುದು ಅವನು ಕೊಚ್ಚಿಕೊಳ್ಳುತ್ತಿದ್ದ ಒಂದೇ ಮಾತು. ಬೇರೆ ಕೊಚ್ಚಿಕೊಳ್ಳಲು ಅವನಿಗೆ ಏನೂ ಇರಲಿಲ್ಲ ಬಿಡಿ.

ಹೌದಪ್ಪನ ನಗು ಇನ್ನೂ ನಿಂತಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

“ಲಕ್ಷಣ ಏನಂತ ಬರ್ದೆ?” ಎಂದು ಕೀ ಆನ್ಸರನ್ನು ಕೇಳಿದೆ.

“ಬಾಲ ಕೊಕ್ಕೆ ಥರ ಬಾಗಿದೆ.”

“ಎಲ್ಲಿ ಬಾಗಿತ್ತು? ನೆಟ್ಟಗಿತ್ತು. ನೆಟ್ಟಗಿರೋ ಬಾಲ ಎದುರಿಗಿಟ್ಕೊಂಡು ಬಾಗಿದೆ ಅಂತ ಬರ್ದಿದೀರ ನೀವೆಲ್ಲ. ಮುಚ್ಚಳಕ್ಕೆ ಪರೀಕ್ಷೆ ಕೊಟ್ಟು ಬಂದಿದೀರ.”

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮನೆಯಲ್ಲಿ ಅಜ್ಜಿ ನನಗೇ ಹೇಳಿ ಹೇಳಿ ಸುಸ್ತಾಗಿದ್ದಳು. ನಾನು ನಿಲ್ಲಿಸಲಿಲ್ಲ. “ನಮ್ಮಪ್ಪನಿಗೆ ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಗಂಡು ಯಾವ್ದು ಹೆಣ್ಣು ಯಾವ್ದು ಅಂತ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾನೆ,” ಎಂದೆ.

ಯಾರೂ ನಗಲಿಲ್ಲ. ಕೀ ಆನ್ಸರ್ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಮೆಟ್ಟಿಲು ಹತ್ತಿದಳು. ಹೌದಪ್ಪ ಅವಳ ಹಿಂದೆ, ಅವನ ಹಿಂದೆ ಏಳೆಂಟು ಜನ. ಅವಳು ಸೋತು ಹೋಗುತ್ತಿದ್ದಾಳೆ ಅಂದುಕೊಂಡು ನಾನೂ ಹಿಂದೆ ಹೋದೆ. ಅವಳ ಮುಖ ಇಂಗು ತಿಂದ ಮಂಗನಂತಾಗುವುದನ್ನು ಕಣ್ಣಾರೆ ನೋಡಬೇಕಿತ್ತು ನನಗೆ.

ಲ್ಯಾಬಿನಲ್ಲಿ ಮೇಡಂ ಉತ್ತರಪತ್ರಿಕೆಗಳ ಕಟ್ಟಿಗೆ ದಾರ ಸುತ್ತುತ್ತಿದ್ದರು. ಅಪ್ಪ ಹಿಂದಿನ ತೊಟ್ಟಿಯ ಹತ್ತಿರ ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಇಡುತ್ತಿದ್ದ. ನನ್ನನ್ನು ನೋಡಿ, ಹೇಗಾಯಿತು ಎಂಬಂತೆ ಹುಬ್ಬೇರಿಸಿದ.

“ಮೇಡಂ, ಆರನೇ ಮೇಜಿಂದು ಗಂಡು ತಾನೆ?” ಎಂದಳು ಕೀ ಆನ್ಸರ್.

ಮೇಡಂ ತಮ್ಮ ನೋಟ್‌ಬುಕ್ ತೆರೆದರು. “ಹೌದಮ್ಮ. ಕೆಂಪು ಮುಚ್ಚಳ, ಗಂಡು.” ಬೆಳಿಗ್ಗೆ ಬಾಟಲಿಗಳನ್ನು ಮೇಜುಗಳ ಮೇಲೆ ಜೋಡಿಸಿದ್ದು ಅವರೇ, ಅವರೂ ಮುಚ್ಚಳ ನೋಡಿಯೇ ಜೋಡಿಸಿದ್ದರು.

“ಬಾಲ ನೆಟ್ಟಗಿದೆಯಂತೆ.”

ಮೇಡಂ ಆರನೇ ಮೇಜಿಗೆ ಹೋಗಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಕಿವಿ ಕೆಂಪಾಯಿತು. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡವರು, ಹುಳದ ಬಾಲ ನೋಡದೆ ಪರೀಕ್ಷೆ ಮಾಡಿ ಮುಗಿಸಿದ್ದರು. ತಪ್ಪು ತಮ್ಮದೆಂದು ಹೇಳಿಬಿಡಬಹುದಿತ್ತು. ಅದರ ಬದಲು ಬೇರೆಯವರ ತಲೆಯ ಮೇಲೆ ಗೂಬೆ ಕೂರಿಸುವುದು ಸುಲಭ, ಅಂಥ ತಲೆಯೊಂದು ಹಿಂದೆಯೇ ತಟ್ಟೆ ಒರೆಸುತ್ತಿತ್ತು.

“ಮುಚ್ಚಳ ಯಾರಯ್ಯ ಬದಲಾಯಿಸಿದ್ದು?”

ಅಪ್ಪ ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದ. ವಯಸ್ಸಿನಲ್ಲಿ ಅವನು ಮೇಡಂಗಿಂತ ಹದಿನೈದು ವರ್ಷ ದೊಡ್ಡವನು. “ನಾನೇ ತೊಳೆದಿದ್ದು ಮೇಡಂ. ಎಲ್ಲ ಮುಚ್ಚಳಾನೂ ಒಂದೇ ಬಕೆಟ್‌ಗೆ ಹಾಕಿ ತೊಳ್ದೆ. ವಾಪಸ್ ಹಾಕೋವಾಗ ಅದಲುಬದಲಾಗಿರ್ಬೇಕು.”

ಹಾಗೇ ಆಗಿರಬೇಕು. ಒಳಗಿನ ಹುಳ ಗುರುತಿರುವವನಿಗೆ ಮುಚ್ಚಳದ ಬಣ್ಣ ಕಟ್ಟಿಕೊಂಡು ಏನಾಗಬೇಕು? ಅದನ್ನು ನೋಡಿ ಜನ ಪರೀಕ್ಷೆ ಬರೆಯುತ್ತಾರೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

“ಇಡೀ ಕ್ಲಾಸಿಗೆ ತಪ್ಪಾಗಿದೆ ಮೇಡಂ, ಇವಳೊಬ್ಬಳಿಗೆ ಸರಿಯಾಗಿದೆ,” ಎಂದಳು ಕೀ ಆನ್ಸರ್. ದನಿ ಏರಿಸಲೂ ಇಲ್ಲ. “ಇವರಿಗೆ ಗೊತ್ತಿಲ್ದೆ ಅದಲುಬದಲಾಗಿದ್ರೆ ಸರಿ. ಆದ್ರೆ ಗಂಡು ಯಾವ್ದು ಹೆಣ್ಣು ಯಾವ್ದು ಅಂತ ಇವಳಪ್ಪನಿಗೆ ನಿದ್ದೆಗಣ್ಣಲ್ಲೂ ಗೊತ್ತಂತೆ. ಇವಳೇ ಈಗ ಕೆಳಗಡೆ ಹೇಳಿದ್ದು.”

“ಹೌದು ಮೇಡಂ, ನಾನೂ ಕೇಳ್ದೆ,” ಎಂದ ಹೌದಪ್ಪ.

ಅಪ್ಪನನ್ನು ಹೊಗಳಲು ಹೋಗಿ ಅವನ ಕುತ್ತಿಗೆಗೆ ಹಗ್ಗ ನಾನೇ ಹಾಕಿದ್ದೆ, ತುದಿಯನ್ನು ಇವಳ ಕೈಗೆ ಕೊಟ್ಟಿದ್ದೆ.

“ಗೊತ್ತಿರೋನು ಬದಲಾಯಿಸಿದ್ರೆ ಅದು ಮರೆವಲ್ಲ, ಮೋಸ,” ಎಂದರು ಮೇಡಂ. “ಹೆಡ್ಮಾಸ್ಟರಿಗೆ ಬರ್ದುಕೊಡ್ತೀನಿ. ನಿನ್ನ ಕೆಲಸಾನೂ ಹೋಗುತ್ತೆ, ನಿನ್ನ ಮಗಳ ಪರೀಕ್ಷೇನೂ ರದ್ದಾಗುತ್ತೆ. ಗೊತ್ತಾ ನಿಂಗೆ, ಹೇಳು.”

ಅಪ್ಪ ಹೆಗಲ ಮೇಲಿನ ಬಟ್ಟೆ ತೆಗೆದು ಕೈ ಒರೆಸಿಕೊಂಡ.

ಮೇಡಂ ಕಪಾಟಿನಿಂದ ಕಪ್ಪು ಮುಚ್ಚಳದ ಬಾಟಲಿಯನ್ನೂ ತಂದರು. ಎರಡರ ಮುಚ್ಚಳಕ್ಕೂ ಒರೆಸುವ ಬಟ್ಟೆ ಸುತ್ತಿ, ಕಣ್ಣಾಮುಚ್ಚಾಲೆ ಆಡಿಸುವವರಂತೆ ಅತ್ತಿತ್ತ ಸರಿಸಿ, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಬಾಗಿಲ ಬಳಿ ನಿಂತಿದ್ದ ನನಗೂ ಕಾಣುತ್ತಿತ್ತು. ಎಡಗಡೆಯದರ ಬಾಲ ಬಾಗಿತ್ತು, ಬಲಗಡೆಯದು ನೆಟ್ಟಗಿತ್ತು.

“ಗಂಡು ಯಾವ್ದು ತೋರ್ಸು.”

ಅಪ್ಪ ಬಾಟಲಿಗಳನ್ನು ನೋಡುವ ಮೊದಲು ನನ್ನನ್ನು ನೋಡಿದ. ಒಂದು ಗಳಿಗೆ ಅಷ್ಟೇ. ಆಮೇಲೆ ಬಗ್ಗಿದ, ಕಣ್ಣು ಕಿರಿದು ಮಾಡಿದ, ತಲೆ ಕೆರೆದುಕೊಂಡ. ನಮ್ಮಪ್ಪ ಯೋಚನೆ ಮಾಡುವಾಗ ತಲೆ ಕೆರೆದುಕೊಳ್ಳುವವನಲ್ಲ. ಬೆರಳು ಎಡಗಡೆಗೆ ಹೋಯಿತು, ಅಲ್ಲಿಂದ ಬಲಗಡೆಗೆ ಬಂತು, ಮತ್ತೆ ಎಡಗಡೆಗೆ ಹೋಯಿತು. ಕೊನೆಗೆ ನೆಟ್ಟಗಿನ ಬಾಲದ ಬಾಟಲಿಯ ಮೇಲೆ ನಿಂತಿತು.

“ಇದಿರ್ಬೇಕು ಮೇಡಂ,” ಎಂದ. “ಸ್ವಲ್ಪ ದಪ್ಪ ಕಾಣುತ್ತಲ್ಲ, ಗಂಡೇ ಇರ್ಬೇಕು.”

ಹುಡುಗರು ಗೊಳ್ಳೆಂದರು. ಹೌದಪ್ಪ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದ. ಮೇಡಂ ಕೂಡ ನಕ್ಕರು, ಅವರ ನಗುವಿನಲ್ಲಿ ನಿರಾಳವಿತ್ತು. ಹಣೆಯ ಬೆವರು ಒರೆಸಿಕೊಂಡರು.

“ಹತ್ತೊಂಬತ್ತು ವರ್ಷ ಇಲ್ಲಿ ಏನ್ ಮಾಡ್ತಿದ್ದೆ ನೀನು? ಗೋಡೆಗೆ ಪಾಠ ಮಾಡಿದ್ರೂ ಇಷ್ಟು ಕಲೀತಿತ್ತು.”

“ಓದ್ದೋನಲ್ಲ ಮೇಡಂ,” ಎಂದ ಅಪ್ಪ. “ನಂಗೆ ಎಲ್ಲ ಒಂದೇ ಥರ ಕಾಣುತ್ತೆ.”

ಆರನೇ ಮೇಜನ್ನು ಎಲ್ಲರಿಗೂ ಕೈಬಿಡುತ್ತೇನೆ, ಯಾರಿಗೂ ಅಂಕವಿಲ್ಲ, ಹೆಡ್ಮಾಸ್ಟರವರೆಗೆ ಹೋಗುವುದೂ ಬೇಡ ಎಂದರು ಮೇಡಂ. ಕೀ ಆನ್ಸರಿಗೆ ಅಷ್ಟೇ ಸಾಕಿತ್ತು. ನನಗೆ ಮಾತ್ರ ಸಿಗಬೇಕಾಗಿದ್ದ ಎರಡು ಅಂಕ ಹೋಯಿತು. ಹಾಳಾಗಿ ಹೋಗಲಿ, ಅದರ ಬಗ್ಗೆ ನನಗೆ ಅವತ್ತೂ ಬೇಸರವಿರಲಿಲ್ಲ. ಅಪ್ಪ ಮುಖ ತಗ್ಗಿಸಿ ನಿಂತಿದ್ದ. ‘ಸುಳ್ಳು, ಅವನಿಗೆ ಗೊತ್ತು’ ಎಂದು ಕೂಗಬೇಕೆನಿಸುತ್ತಿತ್ತು. ಕೂಗಿದ್ದರೆ ಅವನ ಕೆಲಸ ಹೋಗುತ್ತಿತ್ತು.

ಇಷ್ಟಕ್ಕೆ ನಮ್ಮನ್ನು ಬಿಟ್ಟುಬಿಡಬಹುದಿತ್ತು. ಆದರೆ ಮೇಡಂಗೆ ಹೋದ ಮಾನವನ್ನು ಬಡ್ಡಿ ಸಮೇತ ವಸೂಲಿ ಮಾಡಬೇಕಿತ್ತು. ನನ್ನ ಕಡೆ ಬೆರಳು ಮಾಡಿ ಕರೆದರು.

“ಬಾರಮ್ಮ ಇಲ್ಲಿ. ನೀನು ಜಾಣೆ. ನಿಮ್ಮಪ್ಪನಿಗೆ ಹೇಳ್ಕೊಡು, ಇನ್ಮೇಲಾದ್ರೂ ಮುಚ್ಚಳ ಸರಿಯಾಗಿ ಹಾಕ್ಲಿ.”

ನಾನು ಮೇಜಿನ ಹತ್ತಿರ ಹೋಗಿ ಅಪ್ಪನ ಪಕ್ಕ ನಿಂತೆ. ಅವನ ಕೈಯಿಂದ ಫಾರ್ಮಲಿನ್ ವಾಸನೆ ಬರುತ್ತಿತ್ತು.

“ಅಪ್ಪಾ, ಬಾಲ ನೋಡು,” ಎಂದೆ. “ಬಾಗಿದ್ರೆ ಗಂಡು. ನೆಟ್ಟಗಿದ್ರೆ ಹೆಣ್ಣು.”

ಅಪ್ಪ ನನ್ನ ಬೆರಳು ತೋರಿಸಿದ ಕಡೆ ಬಗ್ಗಿ, ಜನ್ಮದಲ್ಲಿ ಮೊದಲ ಸಲ ನೋಡುವವನಂತೆ ನೋಡಿದ.

“ಹೌದಲ್ಲಮ್ಮ,” ಎಂದ. “ನಾನು ಗಮನಿಸೇ ಇರ್ಲಿಲ್ಲ.”

“ಇನ್ನೊಂದ್ ಸಲ ಹೇಳೇ ಬಾಟಲಿ,” ಎಂದ ಹೌದಪ್ಪ ಹಿಂದಿನಿಂದ. “ನಿಮ್ಮಪ್ಪನಿಗೆ ಅರ್ಥ ಆದಂಗಿಲ್ಲ.”

ಮೇಡಂ ಅವನನ್ನು ಗದರುತ್ತಾರೇನೋ ಎಂದು ಕಾದೆ. ಅವರು ನನ್ನನ್ನೇ ನೋಡುತ್ತಿದ್ದರು.

ನಾನು ಇನ್ನೊಂದು ಸಲ ಹೇಳಿದೆ. ಅಪ್ಪ ಇನ್ನೊಂದು ಸಲ ತಲೆಯಾಡಿಸಿದ.