ಮಗ್ಗುಲು ಬದಲಿಸುವ ಪಾಠ

ಸಭಾಂಗಣದ ಪರದೆಯ ಮೇಲೆ ತನ್ನದೇ ಕೈಗಳನ್ನು ಕಂಡು ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮುಖವಿಲ್ಲ, ಬರೀ ಕೈ. ಎಡ ಹೆಬ್ಬೆರಳಿನ ಸುಟ್ಟ ಕಲೆ ಕೂಡ ಹಾಗೇ ಇದೆ. ಮೇಲೆ ‘ಜಗತ್ತಿನೊಡನೆ ಹಂಚಿಕೊಳ್ಳೋಣ’ ಎಂಬ ಸಾಲು, ಕೆಳಗೆ ಯಾವುದೋ ದೂರದ ಸಂಸ್ಥೆಯ ಹೆಸರು.

ಅವಳು ಈ ಆಸ್ಪತ್ರೆಯ ಮೂರನೇ ವಾರ್ಡಿನ ಆಯಾ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ಹತ್ತೊಂಬತ್ತು ವರ್ಷಗಳ ಕೆಲಸ. ಜೊತೆಗಾತಿ ಸಮುದ್ರದಾಚೆಯಿಂದ ಬಂದವಳು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರವಾದ್ದರಿಂದ ವಾರ್ಡಿಗೆಲ್ಲ ಉದ್ದಕ್ಕ. ಮೊದಮೊದಲು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಜಗಳವಾಡಿದ್ದೂ ಕೈಸನ್ನೆಯಲ್ಲೇ. ಹಾಸುಬಟ್ಟೆಯನ್ನು ಮೂರು ಮಡಿಕೆ ಮಾಡಿ ಬೆನ್ನಡಿಗೆ ತೂರಿಸುವುದನ್ನು ದೊಡ್ಡಕ್ಕ ತೋರಿಸಿದಳು. ರೋಗಿಯ ಭುಜದ ಮೇಲೆ ಅಂಗೈಯಿಟ್ಟು, ಅವನು ಉಸಿರು ಹೊರಹಾಕುವ ಕ್ಷಣಕ್ಕೆ ಕಾದು, ಆಗ ಹೊರಳಿಸುವುದನ್ನು ಉದ್ದಕ್ಕ ತೋರಿಸಿದಳು. ಎರಡೂ ಕೂಡಿದ ಮೇಲೆ ಮೂರನೇ ವಾರ್ಡಿನಲ್ಲಿ ಮಗ್ಗುಲಾಗುವಾಗ ಯಾರೂ ಕಿರುಚಿಲ್ಲ.

ಹೋದ ವರ್ಷ ಆ ಸಂಸ್ಥೆಯ ತಂಡವೊಂದು ಬಂದು, ನಗುನಗುತ್ತ ಕೇಳಿ ತಿಳಿದುಕೊಂಡು, ವಿಡಿಯೋ ಮಾಡಿಕೊಂಡು ಹೋಗಿತ್ತು. ಈಗ ಅದೇ ಪಾಠವಾಗಿ, ಪರೀಕ್ಷೆಯಾಗಿ ವಾಪಸು ಬಂದಿದೆ. ಫೇಲಾದವರಿಗೆ ವಾರ್ಡಿಲ್ಲ, ಬಟ್ಟೆ ಒಗೆಯುವ ಕೋಣೆಯೇ ಗತಿ.

ಮಂಚದ ಮೇಲೆ ರಬ್ಬರ್ ಬೊಂಬೆ ಮಲಗಿತ್ತು. ದೊಡ್ಡಕ್ಕ ಬಟ್ಟೆ ತೂರಿಸಿ, ಭುಜದ ಮೇಲೆ ಕೈಯಿಟ್ಟು ನಿಂತಳು.

“ಯಾಕಮ್ಮಾ ನಿಂತ್ಬಿಟ್ರಿ?” ಎಂದ ತರಬೇತುದಾರ.

“ಉಸಿರು ನೋಡ್ತಿದೀನಿ.”

“ಅದು ಬೊಂಬೆ!”

“ಅಷ್ಟಾದ್ರೂ ಗೊತ್ತಲ್ಲ, ಪುಣ್ಯ. ಮೇಲೆ ವಾರ್ಡಲ್ಲಿರೋರು ಬೊಂಬೆಗಳಲ್ಲ ಸ್ವಾಮಿ.”

ಹಿಂದಿನ ಸಾಲು ಕಿಸಕ್ಕೆಂದಿತು. ತರಬೇತುದಾರ ಗಡಿಯಾರ ನೋಡಿದ. “ಎಂಟು ಸೆಕೆಂಡ್ ದಂಡ. ಕಾಯೋ ಹಂತಾನ ನಮ್ಮ ತಜ್ಞರು ತೆಗೆದುಹಾಕಿದ್ದಾರೆ. ನೀವು ಫೇಲ್.”

“ಯಾವ ತಜ್ಞರು? ಆ ಪರದೆ ಮೇಲಿರೋ ಕೈ ಯಾರದು?” ಅವಳು ಹೆಬ್ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಅವನು ಬೆರಳು ನೋಡಿದ, ಪರದೆ ನೋಡಿದ, ಗಂಟಲು ಸರಿಮಾಡಿಕೊಂಡ. “ಓ, ತುಂಬಾ ಸಂತೋಷ! ನಾವು ಎಲ್ಲ ಸಂಸ್ಕೃತಿಗಳನ್ನೂ ಗೌರವಿಸ್ತೀವಿ.”

“ಗೌರವ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಆ ಹಂತ ವಾಪಸ್ ಹಾಕಿ. ಕೇಳಿದ್ರಿ, ಹೇಳಿಕೊಟ್ವಿ. ನಾಳೆ ಇನ್ಯಾರು ಕೇಳಿದ್ರೂ ಹೇಳಿಕೊಡ್ತೀವಿ. ಉದ್ದಕ್ಕ ತಂದ ಅರ್ಧ ಕಿತ್ತುಹಾಕಿ, ಉಳಿದದ್ದನ್ನ ನಮಗೇ ಪಾಠ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?”

ವಾರ್ಡಿನ ಹಿರಿಯ ಸಿಸ್ಟರ್ ಫಾರಂ ಹಿಡಿದು ಓಡಿಬಂದಳು. “ಬಿಡು ದೊಡ್ಡಕ್ಕ. ಒಂದು ಸೈನ್ ಹಾಕು, ಪಾಸ್ ಮಾಡಿಸ್ತೀನಿ.”

ಫಾರಮಿನಲ್ಲಿ ಹೀಗಿತ್ತು: ‘ಈ ವಿಧಾನವನ್ನು ನಾನು ಇಲ್ಲಿಯೇ ಮೊದಲ ಬಾರಿಗೆ ಕಲಿತೆ. ಇದಕ್ಕೆ ಏನನ್ನೂ ಸೇರಿಸುವುದಿಲ್ಲ.’

ದೊಡ್ಡಕ್ಕ ಆ ಎರಡೂ ಸಾಲುಗಳನ್ನು ಕಾಗದ ಹರಿಯುವಂತೆ ಹೊಡೆದುಹಾಕಿ ಕೆಳಗೆ ಬರೆದಳು: ‘ಅರ್ಧ ಉದ್ದಕ್ಕನಿಂದ ಕಲಿತೆ, ಅರ್ಧ ಅವಳಿಗೆ ಕಲಿಸಿದೆ.’

“ಗೀಚಿದ ಫಾರಂ ತಗೊಳಲ್ಲ ಕಣೇ.”

“ತಗೋಬೇಡಿ. ನಾನು ಬರೆಯೋದು ಇಷ್ಟೇ.”

ಪಕ್ಕಕ್ಕೆ ತಿರುಗಿದರೆ ಉದ್ದಕ್ಕನ ಕೈಯಲ್ಲೂ ಅದೇ ಫಾರಂ, ಪೆನ್ನು. ಇವಳೂನಾ! ದೊಡ್ಡಕ್ಕನಿಗೆ ಅವಳ ಕಪಾಳಕ್ಕೆ ಬಾರಿಸಬೇಕೆನಿಸಿತು. ಮರುಗಳಿಗೆಯೇ, ವಾರ್ಡಿನ ಕೆಲಸ ಹೋದರೆ ಅವಳಿಗೆ ಈ ದೇಶದಲ್ಲಿ ಉಳಿಯುವ ಪರವಾನಗಿಯೂ ಹೋಗುತ್ತದೆಂಬುದು ನೆನಪಾಗಿ, ಸಿಟ್ಟೆಲ್ಲ ಮತ್ತೆ ಆ ಕಾಗದದ ಮೇಲೇ ತಿರುಗಿತು.

“ಹಾಕೇ, ಹಾಕು. ನನ್ನ ರೋಷಾನ ನಿನ್ನ ತಲೆಗೆ ಕಟ್ಟಲ್ಲ.”

ಉದ್ದಕ್ಕ ಸಹಿ ಹಾಕಿದಳು. ತನ್ನ ಹರುಕುಮುರುಕು ಮಾತಿನಲ್ಲಿ ಹೇಳಿದಳು: “ಅಕ್ಕಾ, ಸೈನ್ ಸುಳ್ಳು. ಕೈ ಸುಳ್ಳು ಮಾಡಲ್ಲ.”

ದೊಡ್ಡಕ್ಕ ಎದೆಯ ಮೇಲಿನ ವಾರ್ಡಿನ ಬಿಲ್ಲೆ ಬಿಚ್ಚಿ ಬೊಂಬೆಗೆ ಚುಚ್ಚಿದಳು. “ತಗೊಳ್ಳಿ, ಇದನ್ನೇ ಮೂರನೇ ವಾರ್ಡಿಗೆ ಕಳಿಸಿ. ಎದುರು ಮಾತಾಡಲ್ಲ, ನಿಮಗೆ ಸರಿಹೋಗತ್ತೆ.”

ಹಾಗಂದು ಹೊರಟಳು. ಒಗೆಯುವ ಕೋಣೆಗೆ ಹೋಗುವ ದಾರಿ ಮೂರನೇ ವಾರ್ಡಿನ ಮುಂದೆಯೇ. ಹಾದುಹೋಗುವಾಗ ಅವಳು ಒಳಗೆ ನೋಡಲಿಲ್ಲ. ನೋಡಿದ್ದರೆ ನಿಂತುಬಿಡುತ್ತಿದ್ದಳು.