ಬಾಗಿಲ ಪಕ್ಕದ ಕುರ್ಚಿ

ಸಮಾಜಶಾಸ್ತ್ರದ ಮೊದಲ ವಾರವೇ ಮೇಡಂ ಪುಸ್ತಕ ಮುಚ್ಚಿಸಿಬಿಟ್ಟರು. "ಗುರುತಿಲ್ಲದ ಜನ ಸೇರೋ ಜಾಗಕ್ಕೆ ಹೋಗಿ ಕೂತ್ಕೊಳ್ಳಿ. ಯಾರೂ ಬರೆದಿಡದ ಒಂದು ನಿಯಮ ಹುಡುಕಿ ತನ್ನಿ."

ಮನೆಯವರೆಲ್ಲ 'ಪ್ರಶ್ನೆಪತ್ರಿಕೆ' ಎಂದೇ ಕರೆಯುತ್ತಿದ್ದ ಆ ಹುಡುಗಿ ನೆಟ್ಟಗೆ ಆಸ್ಪತ್ರೆಗೆ ಹೋದಳು. ಅಲ್ಲಿ ಅವಳ ಚಿಕ್ಕಮ್ಮ ಆಪರೇಷನ್ ಥಿಯೇಟರಿನ ಬಾಗಿಲು ಕಾಯುವ ಆಯಾ. ಬಾಗಿಲ ಹೊರಗೆ ಒಂಬತ್ತು ಕುರ್ಚಿಗಳ ಸಾಲು. ಒಳಗಿರುವವರ ಮನೆಮಂದಿ ಜೀವ ಕೈಯಲ್ಲಿ ಹಿಡಿದು ಕೂರುವ ಜಾಗ.

ಒಂದು ಗಂಟೆ ಏನೂ ಕಾಣಲಿಲ್ಲ. ಆಮೇಲೆ ತಟ್ಟನೆ ಕಂಡಿತು. ಯಾರ ಮನೆಯವರು ಎಲ್ಲರಿಗಿಂತ ಹೆಚ್ಚು ಹೊತ್ತಿನಿಂದ ಒಳಗಿದ್ದಾರೋ, ಬಾಗಿಲ ಪಕ್ಕದ ಕುರ್ಚಿ ಅವರಿಗೇ. ಅವರು ಎದ್ದರೆ ಮುಂದಿನ ಸರದಿಯವರು ತಾವಾಗಿ ಅಲ್ಲಿಗೆ ಸರಿಯುತ್ತಿದ್ದರು. ಆಗಷ್ಟೇ ಬಂದ ಖಾಕಿ ಅಂಗಿಯ ಡ್ರೈವರೊಬ್ಬ, ಖಾಲಿಯಾದ ಆ ಕುರ್ಚಿಯಲ್ಲಿ ಕೂರಲು ಹೋದ. ಪಕ್ಕದ ಮುದುಕಿ ತನ್ನ ಚೀಲವನ್ನು ಅದರ ಮೇಲಿಟ್ಟಳು. ಅವನು ಕೊನೆಯ ಕುರ್ಚಿಗೆ ಹೋದ.

"ಚಿಕ್ಕಮ್ಮಾ, ಈ ರೂಲ್ ಯಾರು ಮಾಡಿದ್ದು?"

"ಯಾವ ರೂಲೇ?" ಹುಡುಗಿ ವಿವರಿಸಿದಾಗ ಚಿಕ್ಕಮ್ಮ ಸಾಲನ್ನು ಕಣ್ಣರಳಿಸಿ ನೋಡಿದರು. "ಅಯ್ಯೋ, ಹೌದಲ್ಲೇ! ಹದಿನೆಂಟು ವರ್ಷದಿಂದ ಇಲ್ಲೇ ನಿಂತಿದೀನಿ, ನನ್ ಕಣ್ಣಿಗೇ ಬಿದ್ದಿಲ್ಲ ನೋಡು."

ಮಧ್ಯಾಹ್ನ ಆ ಡ್ರೈವರ್ ಬಾಗಿಲಿನಿಂದ ಎರಡನೆಯ ಕುರ್ಚಿಗೆ ಬಂದಿದ್ದ. ಬಾಗಿಲ ಪಕ್ಕದವರು ಆಗಷ್ಟೇ ಎದ್ದುಹೋಗಿದ್ದ ಕುರ್ಚಿಯತ್ತ ಹೊಸ ದಂಪತಿ ಬಂದಾಗ ಅವನು ಮೆಲ್ಲಗೆ ಕಾಲು ಅಡ್ಡ ಚಾಚಿದ. ಅವರು ಹಿಂದೆ ಸರಿದರು.

"ನಿಮಗೆ ಯಾರು ಹೇಳ್ಕೊಟ್ರು ಅಣ್ಣಾ?" ಹುಡುಗಿ ತಡೆಯಲಾರದೆ ಕೇಳಿದಳು.

"ಏನನ್ನ?" ಅವನು ಕಕ್ಕಾಬಿಕ್ಕಿಯಾದ. "ತುಂಬಾ ಹೊತ್ತು ಕಾದವರಿಗೆ ಡಾಕ್ಟರ್ ಮುಖ ಮೊದಲು ಕಾಣ್ಬೇಕಲ್ವೇನಮ್ಮಾ?"

ಹುಡುಗಿ ಸಾಲನ್ನು ಮತ್ತೊಮ್ಮೆ ನೋಡಿದಳು. ನಿನ್ನೆ ಇಲ್ಲಿ ಕೂತವರಲ್ಲಿ ಒಬ್ಬರೂ ಇವತ್ತಿಲ್ಲ, ಇವತ್ತಿನವರು ನಾಳೆ ಇರುವುದಿಲ್ಲ. ಹೆಸರೂ ಗೊತ್ತಿಲ್ಲದ ಜನ ಒಂದು ಕರುಣೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಹದಿನೆಂಟು ವರ್ಷ, ಯಾರಿಗೆ ಗೊತ್ತು, ಅದಕ್ಕೂ ಹಿಂದಿನಿಂದ ನಡೆಸಿಕೊಂಡು ಬಂದಿದ್ದರು. ದಾಟಿಸುತ್ತಿದ್ದೇವೆಂದು ಅವರಿಗೇ ಅರಿವಿರಲಿಲ್ಲ.

ಸಂಜೆ ಸಾಲು ಪೂರ್ತಿ ಬರಿದಾಯಿತು. ಬೆಳಗಿನಿಂದ ಗೋಡೆಗೊರಗಿ ನಿಂತಿದ್ದ ಅವಳ ಕಾಲುಗಳು ಸೋತಿದ್ದವು.

"ಅಲ್ಲೇ ಕೂತ್ಕೊಳೇ, ಈಗ ಯಾರಿದಾರೆ?" ಚಿಕ್ಕಮ್ಮ ಬಾಗಿಲ ಪಕ್ಕದ ಕುರ್ಚಿ ತೋರಿಸಿದರು.

ಅವಳು ಮಂಡಿ ಬಗ್ಗಿಸಿದಳು. ಬಗ್ಗಿದ್ದು ಅಷ್ಟೇ, ಮತ್ತೆ ನೆಟ್ಟಗಾದಳು.

"ಆಗ್ತಿಲ್ಲ ಚಿಕ್ಕಮ್ಮಾ!" ನಗುತ್ತಲೇ ಹೇಳಿದಳು. ಕೊನೆಯ ಕುರ್ಚಿಯಲ್ಲಿ ಕೂತು ಬರೆಯತೊಡಗಿದಳು.